ಹಿಮದ ಹಾಸಿಗೆಗೆ ಹೊಲಿದ ಕೌದಿ

ಸಿಂಗಾಪುರದಲ್ಲಿ ಸ್ವೆಟರ್ ಕೊಳ್ಳುವವರಿಗೆ ತಲೆ ಸರಿ ಇಲ್ಲ ಎಂದೇ ಅರ್ಥ. ವರ್ಷವಿಡೀ ಬೆವರು ಒರೆಸಿಕೊಳ್ಳುವ ಊರಿನಲ್ಲಿ, ಎಂದೋ ಒಮ್ಮೆ ನಾಲ್ಕು ದಿನ ಚಳಿಯ ಕಡೆ ಹೋಗಿ ಬರುವುದಕ್ಕೆ ದಪ್ಪ ಜಾಕೆಟ್ಟು, ಉಣ್ಣೆ ಟೋಪಿ, ಬೂಟು ಅಂತ ಯಾರು ತಾನೇ ದುಡ್ಡು ಸುರಿಯುತ್ತಾರೆ? ಅದಕ್ಕೇ ಚೋವಾ ಚು ಕಾಂಗ್ ಸುತ್ತಮುತ್ತಲಿನ ಕನ್ನಡದವರು ಒಂದು ಉಪಾಯ ಮಾಡಿಕೊಂಡಿದ್ದರು. ಎಲ್ಲ ಮನೆಗಳಿಗೂ ಸೇರಿ ಒಂದೇ ಸೂಟ್‌ಕೇಸು. ಮರೂನ್ ಬಣ್ಣದ್ದು, ಒಂದು ಚಕ್ರ ಮುರಿದದ್ದು. ಸ್ವೆಟರ್ ಸೂಟ್‌ಕೇಸ್ ಎಂದೇ ಅದರ ಹೆಸರು. ಚಳಿಯ ಊರಿಗೆ ಹೊರಟವರು ಒಯ್ಯಬೇಕು, ಬಂದ ಮೇಲೆ ಒಗೆದು ಮರಳಿಸಬೇಕು, ತಾವು ಹೊಸದಾಗಿ ಏನಾದರೂ ಕೊಂಡಿದ್ದರೆ ಅದನ್ನೂ ಅದರೊಳಗೇ ಬಿಡಬೇಕು. ಯಾವ ಜಾಕೆಟ್ಟು ಯಾರದ್ದು ಎಂಬುದು ಈಗ ಯಾರಿಗೂ ನೆನಪಿಲ್ಲ.

ಆ ಸೂಟ್‌ಕೇಸಿನ ಕಾವಲು ಅಕ್ಷತಾಳದ್ದು. ಯುದ್ಧಗಿದ್ಧ ಬಂದರೆ ಅಡಗಿಕೊಳ್ಳಲಿ ಎಂದು ಸರ್ಕಾರ ಅವಳ ಫ್ಲ್ಯಾಟಿಗೂ ಒಂದು ಬಾಂಬ್ ಶೆಲ್ಟರ್ ಕಟ್ಟಿಸಿಕೊಟ್ಟಿತ್ತು. ಎಲ್ಲರ ಮನೆಯಂತೆ ಅವಳ ಮನೆಯಲ್ಲೂ ಅದು ಉಗ್ರಾಣವಾಗಿತ್ತು. ಈರುಳ್ಳಿ ಬುಟ್ಟಿಗೂ ಜೋಳದ ಹಿಟ್ಟಿನ ಡಬ್ಬಿಗೂ ನಡುವೆ ಸೂಟ್‌ಕೇಸು ಕೂತಿರುತ್ತಿತ್ತು. ಕಾವಲು ಎಂದರೆ ಬರೀ ಜಾಗ ಕೊಡುವುದಲ್ಲ. ಹರಿದ ಕೈಗವಸು ಹೊಲಿಯುವುದು, ಕೆಟ್ಟ ಜಿಪ್ಪು ಬದಲಿಸುವುದು, ಬೂಟಿನೊಳಗೆ ಬೇವಿನೆಲೆ ಇಡುವುದು, ಎಲ್ಲ ಅವಳದ್ದೇ. ಇಷ್ಟು ವರ್ಷ ಊರಿನವರನ್ನೆಲ್ಲ ಬೆಚ್ಚಗೆ ಕಳಿಸಿದ ಈ ಹೆಂಗಸು ತಾನು ಒಮ್ಮೆಯೂ ಆ ಸೂಟ್‌ಕೇಸು ಎಳೆದುಕೊಂಡು ಹೊರಟವಳಲ್ಲ. ಯಾಕೆಂದು ಕೇಳಿದರೆ ನಕ್ಕು, "ನಂದು ಬುಕ್ ಆಗಿದೆ, ವರ್ಷಾ ಜೊತೆ," ಅನ್ನುತ್ತಿದ್ದಳು.

ವರ್ಷಾ ಮೈಸೂರಿನವಳು. ಪಾಯಾ ಲೆಬಾರ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈಗ ಆಫೀಸಿನ ಹತ್ತಿರವೇ ಕಾಂಡೋ ಅಪಾರ್ಟ್‌ಮೆಂಟಿನಲ್ಲಿದ್ದರೂ ಮೊದಲು ಅಕ್ಷತಾಳ ಬ್ಲಾಕಿನಲ್ಲೇ, ಎರಡು ಮಹಡಿ ಕೆಳಗಿದ್ದಳು. ನರಗುಂದದಿಂದ ಬಂದ ಅಕ್ಷತಾಳಿಗೆ ಈ ಊರಿನಲ್ಲಿ ಬಸ್ಸು ಹತ್ತುವುದನ್ನು ಕಲಿಸಿದವಳೇ ಅವಳು. ಗಂಡ ಶರಣಬಸಪ್ಪ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಕೆಲಸಕ್ಕೆ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದ. ಆಮೇಲೆ ಅಕ್ಷತಾಳಿಗೆ ತವರು, ನೆರೆಹೊರೆ, ಅಕ್ಕ, ತಂಗಿ ಎಲ್ಲ ವರ್ಷಾನೇ.

ಎಸಿ ಕೆಟ್ಟುಹೋಗಿದ್ದ ಒಂದು ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಅಂಗಾತ ಮಲಗಿ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಸ್ವೀಡನ್ ದೇಶದ ಉತ್ತರದ ತುದಿ. ಅಲ್ಲಿ ಹೆಪ್ಪುಗಟ್ಟಿದ ಹೊಳೆಯಿಂದ ಮಂಜುಗಡ್ಡೆಯನ್ನು ಕಲ್ಲು ಕೊಯ್ದಂತೆ ಕೊಯ್ದು, ಹಿಮ ಮೆತ್ತಿ, ಒಂದಿಡೀ ಹೋಟೆಲ್ ಕಟ್ಟುತ್ತಾರೆ. ಗೋಡೆ ಮಂಜು, ಕಂಬ ಮಂಜು, ಮಲಗುವ ಮಂಚವೂ ಮಂಜು, ಕುಡಿಯುವ ಲೋಟವೂ ಮಂಜು. ಬೇಸಗೆ ಬಂದರೆ ಎಲ್ಲ ಕರಗಿ ಅದೇ ಹೊಳೆಗೆ ಸೇರುತ್ತದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಹೊಸದು.

"ನಲವತ್ತು ಆದ ವರ್ಷ ಇಲ್ಲಿಗೆ ಹೋಗೋದೇ ಕಣೇ. ನಾವಿಬ್ಬರೇ. ಗಂಡಂದಿರೂ ಬೇಡ, ಮಕ್ಕಳೂ ಬೇಡ," ಅಂದಳು ವರ್ಷಾ.

ಹೇಳಿದ್ದು ತಮಾಷೆಗೇ ಇರಬಹುದು. ಆದರೆ ಅಕ್ಷತಾ ತಮಾಷೆಯ ಮಾತನ್ನೂ ಬೀಜದಂತೆ ಎತ್ತಿಟ್ಟುಕೊಳ್ಳುವವಳು. ಅವತ್ತಿನಿಂದ ಆ ಹೋಟೆಲಿನ ವಿಷಯ ಅವಳಿಗೆ ತನ್ನ ಅಡುಗೆಮನೆಯಷ್ಟೇ ಗೊತ್ತಾಯಿತು. ಒಳಗೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುತ್ತದೆ. ಕೋಣೆಯಲ್ಲಿ ನಲ್ಲಿ ಇಲ್ಲ, ಬಚ್ಚಲಿಗೆ ಪಕ್ಕದ ಬೆಚ್ಚನೆಯ ಕಟ್ಟಡಕ್ಕೆ ಓಡಬೇಕು. ದಪ್ಪ ಚೀಲದೊಳಗೆ ತೂರಿಕೊಂಡು ಮಲಗಬೇಕು. ಬೆಳಿಗ್ಗೆ ಹಾಸಿಗೆಗೇ ಬಿಸಿ ಹಣ್ಣಿನ ರಸ ತಂದುಕೊಟ್ಟು ಎಬ್ಬಿಸುತ್ತಾರೆ. ಒಂದೇ ತೊಡಕು: ಮಂಚದ ಮೇಲೆ ಹಿಮಸಾರಂಗದ ತೊಗಲು ಹಾಸಿರುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದವಳು ತೊಗಲಿನ ಮೇಲೆ ಹೇಗೆ ಮಲಗುವುದು?

"ನಿಮ್ಮ ಕಡೆ ಹಳೇ ಸೀರೆ ಕೂಡಿಸಿ ಕೌದಿ ಹೊಲೀತಾರಲ್ಲ? ಅದನ್ನ ಮೇಲೆ ಹಾಸ್ಕೊಂಡ್ರೆ ಆಯ್ತಪ್ಪ," ಅಂದವಳೂ ವರ್ಷಾನೇ.

ಹಾಗೆ ಶುರುವಾಯಿತು ಕೌದಿ. ಅರ್ಧಕ್ಕೆ ಅಕ್ಷತಾಳ ಹಳೆಯ ಇಳಕಲ್ ಸೀರೆ, ಇನ್ನರ್ಧಕ್ಕೆ ವರ್ಷಾಳ ಮೆತ್ತಗಾದ ಹಸಿರು ಕ್ರೇಪ್. ಒಳಪದರಕ್ಕೆ ಶರಣಬಸಪ್ಪ ತನ್ನದೊಂದು ಹಳೆಯ ಧೋತ್ರ ಕೊಟ್ಟ. ಲಗ್ನದಲ್ಲಿ ಉಟ್ಟದ್ದು, ಒಗೆದು ಒಗೆದು ಬೆಣ್ಣೆಯಾಗಿತ್ತು. ಭಾನುವಾರ ಮಧ್ಯಾಹ್ನಗಳಲ್ಲಿ ಇಬ್ಬರು ಗೆಳತಿಯರೂ ಎದುರುಬದುರು ಕೂತು ಸೂಜಿ ಹಿಡಿಯುತ್ತಿದ್ದರು. ವರ್ಷಾಳ ಹೊಲಿಗೆ ಕುಡಿದವನ ನಡಿಗೆ. ಬಿಚ್ಚಿ ಮತ್ತೆ ಹಾಕೋಣ ಎಂದರೆ ಅಕ್ಷತಾ ಬಿಡಲಿಲ್ಲ. ಇರಲಿ, ನಿನ್ನ ಕೈಯ ಗುರುತು, ಅಂದಳು. ಆಗಲೇ ಒಂದು ಮಾತನ್ನೂ ಹೇಳಿದಳು. ಅವಳ ತಾಯಿ ಗೌರವ್ವ ಹೇಳಿಕೊಟ್ಟದ್ದು: ಹೊಸ ಕೌದಿಯ ಮೇಲೆ ಮೊದಲು ಒಂದು ಸಣ್ಣ ಕೂಸನ್ನು ಮಲಗಿಸಬೇಕು, ಆಮೇಲೆ ದೊಡ್ಡವರು. ಕೂಸು ಮಲಗೆದ್ದ ಕೌದಿಯಲ್ಲಿ ಮಲಗಿದವರಿಗೆ ಕೆಟ್ಟ ಕನಸು ಬೀಳುವುದಿಲ್ಲವಂತೆ. ಅಕ್ಷತಾಳ ಮಗಳು ರಿಷಿಕಾ ಕಾಲೇಜು ಓದಲು ಊರಿಗೆ ಹೋಗಿದ್ದಳು, ವರ್ಷಾಳ ಮಗನಿಗೆ ಮೀಸೆ ಮೂಡಿತ್ತು. "ಕೂಸು ಎಲ್ಲಿಂದ ತರೋಣ?" ಎಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಯಾರದ್ದಾದರೂ ಮಗು ಸಿಗುವವರೆಗೆ ಇರಲಿ ಎಂದು ಕೌದಿಯನ್ನು ಮಡಿಸಿ ಸೂಟ್‌ಕೇಸಿನ ತಳದಲ್ಲಿಟ್ಟರು.

ನಲವತ್ತು ಬಂತು, ಹೋಯಿತು. ಒಮ್ಮೆ ಕೊರೊನಾ, ಒಮ್ಮೆ ವರ್ಷಾಳ ಪ್ರಮೋಷನ್, ಒಮ್ಮೆ ಅವಳ ಮಗನ ಪರೀಕ್ಷೆ. "ಮುಂದಿನ ವರ್ಷ ಪಕ್ಕಾ," ಅನ್ನುತ್ತಿದ್ದಳು ವರ್ಷಾ. ಅಕ್ಷತಾ ಹೂಂ ಅನ್ನುತ್ತಿದ್ದಳು. ಎರಡು ವರ್ಷದ ಹಿಂದೆ ತಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಶರಣಬಸಪ್ಪ ಚಹಾದ ಹೊತ್ತಿಗೆ ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಅದರಲ್ಲಿ ಅದೇ ಹೋಟೆಲು. "ನಾವಿಬ್ಬರು ಹೋಗಿ ಬರೂಣೇನು?" ಅಂತ ಕೇಳಿದ. ಹಾಗೆಲ್ಲ ಕೇಳುವ ಮನುಷ್ಯನಲ್ಲ ಅವನು. ವಿಮಾನದ ಹೊಟ್ಟೆಯೊಳಗೆ ತಲೆ ಹಾಕಿ ಹಾಕಿ ಮಾತೇ ಕಡಿಮೆಯಾಗಿದ್ದ ಗಂಡ, ಎಷ್ಟು ದಿನ ಮನಸ್ಸಿನಲ್ಲೇ ತಿರುವಿ ಹಾಕಿ ಆ ಒಂದು ಮಾತು ತಂದಿದ್ದನೋ.

ಅಕ್ಷತಾ ನಕ್ಕುಬಿಟ್ಟಳು. "ನಿಮ್ಮ ಜೋಡಿ ಹೋದ್ರ ಅಲ್ಲೂ ನಿಮ್ಮನ್ನ ನೋಡ್ಕೊಳ್ಳೂದಽ ಆಗತೈತಿ. ನಾನು ವರ್ಷಾನ ಜೋಡಿ ಹೋಗಾಕಿ," ಅಂದಳು.

ಅವನು ಫೋನು ಜೇಬಿಗಿಟ್ಟು, ಕೆಳಗೆ ಕಾಫಿ ಅಂಗಡಿಗೆ ಹೋಗಿ ಬರುತ್ತೇನೆಂದು ಎದ್ದು ಹೋದ. ಅಲ್ಲಿಗೆ ಆ ಮಾತು ಮುಗಿಯಿತು ಎಂದು ಅಕ್ಷತಾ ತಿಳಿದಳು.

ಕಳೆದ ಡಿಸೆಂಬರಿನ ಮೊದಲ ವಾರ ವಿನುತಾ ಫೋನು ಮಾಡಿದಳು. ಇದೇ ಗುಂಪಿನವಳು, ನಾಲ್ಕು ವರ್ಷದ ಮಗಳು ಅದ್ವಿಕಾಳ ತಾಯಿ, ಎರಡು ಬ್ಲಾಕು ಆಚೆ ಮನೆ.

"ಅಕ್ಷತಾ, ರಜಾಗೆ ಕಾಶ್ಮೀರ್ ಪ್ಲಾನ್ ಆಗಿದೆ. ಸೂಟ್‌ಕೇಸ್ ಫ್ರೀ ಇದ್ಯಾ?"

"ಇದೆ ಇದೆ. ಯಾವಾಗ ಬೇಕು?"

"ಹಾಗೇ ಆ ಕೌದಿನೂ ಕೊಡ್ತೀಯಾ? ಅದ್ವಿಕಾಗೆ ಹೋಟೆಲ್ ಬ್ಲಾಂಕೆಟ್ ಅಲರ್ಜಿ."

ಅಕ್ಷತಾ ತಡೆದಳು. ಕೌದಿ ಮಾತ್ರ ಸೂಟ್‌ಕೇಸಿನ ಸಾಮಾನಲ್ಲ, ಸೂಟ್‌ಕೇಸು ಹೊರಟಾಗಲೆಲ್ಲ ಅವಳು ಅದನ್ನು ತೆಗೆದಿಟ್ಟುಕೊಳ್ಳುತ್ತಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ, ಅವಳು ಯಾರಿಗೂ ಕೊಟ್ಟಿರಲಿಲ್ಲ. ಹೇಗೆ ಬೇಡ ಅನ್ನುವುದು ಎಂದು ಯೋಚಿಸುವಷ್ಟರಲ್ಲಿ ವಿನುತಾ ಮುಂದುವರಿಸಿದಳು. "ಹೊಸ ಕೌದಿ ಮೇಲೆ ಮೊದಲು ಮಗು ಮಲಗಿದ್ರೆ ಒಳ್ಳೇದಂತಲ್ಲ. ನಮ್ಮ ಅದ್ವಿಕಾನೇ ಮಲಗ್ಲಿ ಬಿಡು."

ಅಯ್ಯೋ, ಅಷ್ಟು ಸಾಕಾಯಿತು ಅವಳಿಗೆ. ಇಷ್ಟು ವರ್ಷ ಹುಡುಕಿದ ಕೂಸು ತಾನಾಗಿ ಮನೆ ಬಾಗಿಲಿಗೆ ಬಂತಲ್ಲ ಎಂದು ಹಿಗ್ಗಿದಳು. ಇನ್ನು ನಮ್ಮ ಹೋಟೆಲಿಗೆ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಈ ಸಲ ವರ್ಷಾಳನ್ನು ಹಿಡಿದು ಟಿಕೆಟ್ ಮಾಡಿಸಿಯೇ ಬಿಡಬೇಕು ಅಂದುಕೊಂಡಳು. ವರ್ಷಾ ಆ ರಜಾದಲ್ಲಿ ಅಮ್ಮನನ್ನು ನೋಡಲು ಮೈಸೂರಿಗೆ ಹೊರಟಿದ್ದಳು. ಅವಳ ಅಮ್ಮನಿಗೆ ಇಷ್ಟವೆಂದು ಅಕ್ಷತಾ ಗುರೆಳ್ಳು ಚಟ್ನಿಪುಡಿ ಕುಟ್ಟಿ ಕಟ್ಟಿಕೊಟ್ಟಿದ್ದಳು.

ಸೂಟ್‌ಕೇಸು ತಯಾರು ಮಾಡಿದ್ದೋ ಮಾಡಿದ್ದು. ಪುಟ್ಟ ಕೈಗವಸಿಗೆ ಒಳಗಿನಿಂದ ಫ್ಲಾನೆಲ್ ಹಾಕಿ ಹೊಲಿದಳು. ಜಾಕೆಟ್ಟಿನ ಗುಂಡಿಗಳನ್ನೆಲ್ಲ ಜಗ್ಗಿ ನೋಡಿ ಮತ್ತೆ ಬಿಗಿದಳು. ಮಗು ದಾರಿಯಲ್ಲಿ ತಿನ್ನಲಿ ಎಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು. ಶರಣಬಸಪ್ಪ ಚಹಾ ಕುಡಿಯುತ್ತ ಇದನ್ನೆಲ್ಲ ನೋಡುತ್ತ ಕೂತಿದ್ದ.

"ಸಾಕು ಬಿಡ ಇನ್ನ. ಯಾರರೆ ಹೋಗೂದಕ್ಕ ನೀ ಯಾಕ ಇಷ್ಟು ಒದ್ದಾಡತಿ," ಅಂದ.

"ಸಣ್ಣ ಕೂಸು ಐತ್ರಿ," ಅಂದಳು ಅಕ್ಷತಾ.

ಅವನು ಏನೋ ಹೇಳಲು ಬಾಯಿ ತೆರೆದು, ಹಾಗೇ ಲೋಟ ತೊಳೆದಿಡಲು ಒಳಗೆ ಹೋದ.

ಜನವರಿಯಲ್ಲಿ ಸೂಟ್‌ಕೇಸು ಮರಳಿ ಬಂತು. ಶನಿವಾರ ಬೆಳಿಗ್ಗೆ ವಿನುತಾ ಬಾಗಿಲಲ್ಲೇ ನಿಂತು, "ಎಲ್ಲಾ ವಾಶ್ ಮಾಡಿದೀನಿ. ಕೌದಿ ಮಾತ್ರ ಮೆಷಿನ್‌ಗೆ ಹಾಕಿದ್ರೆ ಹಾಳಾಗುತ್ತೆ ಅಂತ ಹಾಗೇ ಇಟ್ಟೆ," ಎಂದು ಒಳಗೂ ಬರದೆ ಹೋದಳು. ಕೂತು ಒಂದು ಲೋಟ ಕಾಫಿ ಕುಡಿಯದೆ ಹೋಗುವವಳಲ್ಲ ಅವಳು. ಅಕ್ಷತಾ ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೌದಿಯನ್ನು ಬಿಸಿಲಿಗೆ ಹಾಕೋಣವೆಂದು ಅಡುಗೆಮನೆಯ ಕಿಟಕಿಗೆ ತಂದು, ಹೊರಗೆ ಚಾಚುವ ಬಿದಿರು ಗಳದ ಮೇಲೆ ಹರಡಿದಳು.

ಅಡಿಯ ಮಗ್ಗುಲಿನ ತುಂಬ ಕೂದಲು.

ಬೂದುಬಿಳಿ ಕೂದಲು, ಗಿಡ್ಡ, ಒರಟು. ಒಂದನ್ನು ಎಳೆದು ಉಗುರಿನಿಂದ ಮುರಿದು ನೋಡಿದಳು. ಹುಲ್ಲಿನ ಕಡ್ಡಿಯಂತೆ ಪಟ್ಟನೆ ಮುರಿಯಿತು. ಬೆಕ್ಕಿನದಲ್ಲ, ಕುರಿಯದೂ ಅಲ್ಲ. ಕುರಿ ಉಣ್ಣೆ ಅವಳಿಗೆ ಗೊತ್ತಿಲ್ಲವೇ, ಅದು ಬೆರಳಿಗೆ ಸುತ್ತಿಕೊಳ್ಳುತ್ತದೆ. ಇಂಥ ಕೂದಲನ್ನು ಅವಳು ಕೈಯಾರೆ ಮುಟ್ಟಿರಲಿಲ್ಲ ಅಷ್ಟೇ. ಹಿಮಸಾರಂಗದ ತೊಗಲು ವಿಪರೀತ ಕೂದಲು ಉದುರಿಸುತ್ತದೆ, ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ ಎಂದು ಆ ಹೋಟೆಲಿಗೆ ಹೋಗಿ ಬಂದವರು ಗೊಣಗುವುದನ್ನು ಎಷ್ಟು ವಿಡಿಯೋಗಳಲ್ಲಿ ಕೇಳಿದ್ದಳೋ. ಇನ್ನೊಂದನ್ನು ಎಳೆದು ಮುರಿದಳು. ಆಮೇಲೆ ತನಗೆ ತಾನೇ ಬೈದುಕೊಂಡಳು. ಕಾಶ್ಮೀರದಲ್ಲಿ ಏನೇನೋ ಪ್ರಾಣಿ ಇರುತ್ತವೆ, ಹುಚ್ಚಿ.

ಆದರೂ ಕೈ ಸುಮ್ಮನಿರಲಿಲ್ಲ, ವಿನುತಾಳಿಗೆ ಫೋನು ಮಾಡಿತು.

"ಅದೇನಿಲ್ಲ ವಿನುತಾ, ಒಂದು ಕೇಳೋದು ಮರೆತೆ. ಕೌದಿ ಮೇಲೆ ಮೊದಲು ಅದ್ವಿಕಾನೇ ತಾನೇ ಮಲಗಿದ್ದು?"

"ಮೊದಲು ಅಂದ್ರೆ?"

"ಮೊದಲು ಮಗು ಮಲಗಬೇಕು ಅಂತ ನೀನೇ ಹೇಳಿದ್ಯಲ್ಲ, ಅವತ್ತು."

"ನಾನಾ?" ವಿನುತಾ ತಡವರಿಸಿದಳು. "ಹಾಂ, ಹೌದು ಹೌದು. ಅವಳೇ ಮಲಗಿದ್ಲು. ಅಕ್ಷತಾ, ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ಲಾ?"

ಫೋನು ಇಟ್ಟ ಮೇಲೆ ಅಕ್ಷತಾ ಮತ್ತೆ ಕಿಟಕಿಯ ಹತ್ತಿರ ಹೋದಳು. ವಿನುತಾ ಬೆಂಗಳೂರಿನವಳು. ಕೌದಿ ಎಂದರೆ ಏನೆಂಬುದೇ ಅವಳಿಗೆ ತಿಳಿಯದು. ಕೂಸಿನ ಮಾತು ಅವಳದ್ದಲ್ಲ, ಯಾರೋ ಕಲಿಸಿ ಹೇಳಿಸಿದ್ದು. ಹೇಳಿ ಮುಗಿದ ಕೂಡಲೇ ಮರೆತೂಬಿಟ್ಟಿದ್ದಾಳೆ. ಆ ಮಾತನ್ನು ಅಕ್ಷತಾ ಇಡೀ ಸಿಂಗಾಪುರದಲ್ಲಿ ಒಬ್ಬಳಿಗೆ ಮಾತ್ರ ಹೇಳಿದ್ದಳು. ಕೌದಿ ಕೇಳಿದರೆ ಅಕ್ಷತಾ ಕೊಡುವುದಿಲ್ಲ, ಕೂಸು ಎಂದರೆ ಕೊಡುತ್ತಾಳೆ ಎಂದು ಗೊತ್ತಿದ್ದವಳೂ ಅವಳೊಬ್ಬಳೇ.

ಅವಳು ಕೌದಿಯನ್ನು ಮಡಿಸಿ ದೊಡ್ಡ ಚೀಲಕ್ಕೆ ತುರುಕಿದಳು. ಎಂಆರ್‌ಟಿ ರೈಲು ಹತ್ತಿದಳು. ಬಿಶಾನ್‌ನಲ್ಲಿ ಗಾಡಿ ಬದಲಿಸುವಾಗ, ಬೇಡ, ಮನೆಗೆ ಹೋಗಿಬಿಡೋಣ ಅನ್ನಿಸಿತು. ತಾನು ತಪ್ಪು ತಿಳಿದಿರಬಹುದು. ತಪ್ಪಾಗಿರಲಪ್ಪಾ ಎಂದು ಮನಸ್ಸಿನಲ್ಲೇ ಬಸವಣ್ಣನನ್ನು ಬೇಡಿಕೊಂಡಳು. ಪಾಯಾ ಲೆಬಾರ್ ಬರುವವರೆಗೂ ಬೇಡಿಕೊಳ್ಳುತ್ತಲೇ ಇದ್ದಳು.

ಬಾಗಿಲು ತೆರೆದ ವರ್ಷಾ ಮೊದಲು ನಕ್ಕಳು, ಆಮೇಲೆ ಚೀಲದ ಬಾಯಿಂದ ಇಣುಕುತ್ತಿದ್ದ ಹಸಿರು ಕ್ರೇಪ್ ನೋಡಿದಳು. ಅವಳ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಅಕ್ಷತಾ ಏನನ್ನೂ ಕೇಳಬೇಕಾಗಲಿಲ್ಲ.

"ಒಳಗೆ ಬಾ," ಅಂದಳು ವರ್ಷಾ.

ಸೋಫಾದ ಮೇಲೆ ಕೌದಿಯ ಚೀಲವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತರು. ವರ್ಷಾಳ ಗಂಡ, ಮಗ ಹೊರಗೆ ಹೋಗಿದ್ದರು.

"ಯಾರ್ಯಾರು ಹೋಗಿದ್ರಿ?" ಕೇಳಿದಳು ಅಕ್ಷತಾ.

"ನಾನು, ವಿನುತಾ, ನಮ್ಮ ಆಫೀಸಿನ ಅನಘಾ. ಮೂರೇ ಜನ. ಅಕ್ಷತಾ, ನಾನೇ ಹೇಳ್ಬೇಕು ಅಂತಿದ್ದೆ, ಟೈಮ್ ನೋಡಿ."

"ಮೈಸೂರು?"

"ಹೋಗ್ಲಿಲ್ಲ."

ಚಟ್ನಿಪುಡಿ ಏನಾಯಿತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಬಾಯಿಂದ ಬಂದದ್ದು ಬೇರೆಯೇ ಪ್ರಶ್ನೆ, ಅವಳಿಗೇ ನಾಚಿಕೆಯಾಗುವಂಥದ್ದು. "ಹೇಗಿತ್ತು?"

ವರ್ಷಾ ಅವಳ ಮುಖ ನೋಡಿದಳು. ನಿಜವಾಗಿ ಕೇಳುತ್ತಿದ್ದಾಳೆ ಎಂದು ಗೊತ್ತಾದ ಮೇಲೆ ಮೆಲ್ಲಗೆ ಶುರು ಮಾಡಿದಳು. ಮಧ್ಯಾಹ್ನಕ್ಕೇ ಕತ್ತಲಾಗುತ್ತಂತೆ. ಬಾಗಿಲ ಹಿಡಿಕೆಗೆ ತೊಗಲು ಸುತ್ತಿರುತ್ತಾರಂತೆ, ಎಳೆದರೆ ಒಳಗೆ ನೀಲಿ. ಗೋಡೆಯೊಳಗಿಂದಲೇ ಬೆಳಕು ಬರುತ್ತದೆ, ಎಲ್ಲಿಂದ ಅಂತ ತಿಳಿಯಲ್ಲ. ಒಂದು ಸದ್ದಿಲ್ಲ. ನಮ್ಮ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹಿಮ ನುಂಗಿಬಿಡುತ್ತೆ, ಪಕ್ಕದಲ್ಲಿರೋರಿಗೂ ಅರ್ಧ ಕೇಳುತ್ತೆ. ಮಂಚದ ಹಿಂದಿನ ಗೋಡೆಯಲ್ಲಿ ಯಾರೋ ದೊಡ್ಡ ಮರ ಕೆತ್ತಿದ್ದರು. ಅದರ ಒಂದೊಂದು ಎಲೆಯೂ ಕಾಣುತ್ತಿತ್ತು. ಮೂಗಿನ ತುದಿ ಮಾತ್ರ ಚಳಿ, ಮಿಕ್ಕಂತೆ ಬೆಚ್ಚಗೆ. ಬೆಳಿಗ್ಗೆ ಒಬ್ಬ ಹುಡುಗಿ ಬಿಸಿ ರಸ ತಂದಳು, ಕೆಂಪಗೆ, ಹುಳಿ. ಹೇಳುತ್ತ ಹೇಳುತ್ತ ವರ್ಷಾಳಿಗೆ ತಾನು ಯಾರ ಎದುರು ಕೂತಿದ್ದೇನೆ ಎಂಬುದೇ ಮರೆತುಹೋಯಿತು. ಕಣ್ಣು ಹೊಳೆಯುತ್ತಿದ್ದವು. "ನಿನ್ನ ಶೇಂಗಾ ಹೋಳಿಗೆ ಕಲ್ಲಾಗಿತ್ತು ಕಣೇ, ಚೀಲದೊಳಗೆ ಇಟ್ಕೊಂಡು ಬೆಚ್ಚಗೆ ಮಾಡಿ ತಿಂದ್ವಿ," ಎಂದು ನಕ್ಕೂಬಿಟ್ಟಳು.

ಅಕ್ಷತಾ ಒಂದು ಅಕ್ಷರ ಬಿಡದೆ ಕೇಳಿದಳು. ಇಷ್ಟು ವರ್ಷ ಕಾದ ಹೊಟ್ಟೆಗೆ ಎಂಜಲಾದರೂ ಸಿಗಲಿ ಎಂಬಂತೆ ಕೇಳಿದಳು. ಹೀಗೆ ಕೇಳಿದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಕೌದಿ ಮೇಲೆ ನನ್ನ ಕಡೆ ಯಾರು ಮಲಗಿದ್ದು?"

"ಅನಘಾ."

"ನನ್ನನ್ನ ಯಾಕೆ ಕರೀಲಿಲ್ಲ ವರ್ಷಾ?"

ವರ್ಷಾ ಎದ್ದು ಹೋಗಿ ಫ್ಯಾನ್ ಹಾಕಿದಳು. ತಿರುಗುತ್ತಿದ್ದ ಫ್ಯಾನಿನ ಕೆಳಗೆ ನಿಂತುಕೊಂಡೇ ಹೇಳಿದಳು. "ನಿಜ ಹೇಳ್ಲಾ? ಬೇಜಾರ್ ಮಾಡ್ಕೋಬೇಡ. ನಿನ್ನ ಕರ್ಕೊಂಡು ಹೋದ್ರೆ ನಿನ್ನನ್ನ ನೋಡ್ಕೊಳ್ಳೋದೇ ಆಗುತ್ತೆ. ನಿನ್ನ ಊಟ, ನಿನ್ನ ಪೂಜೆ, ತೊಗಲು ಮುಟ್ಟಲ್ಲ, ಅದು ತಿನ್ನಲ್ಲ. ಆ ಜಾಗದ ಬಗ್ಗೆ ಎಲ್ಲಾ ನಿಂಗೇ ಗೊತ್ತು ಬೇರೆ, ನಾನು ನೋಡೋದಕ್ಕೆ ಮುಂಚೆನೇ ಎಲ್ಲಾ ನೀನೇ ಹೇಳ್ಬಿಡ್ತೀಯ. ಒಂದ್ಸಲ ನಾನು ಲೈಟಾಗಿ ಹೋಗ್ಬೇಕಿತ್ತು, ಅಷ್ಟೆ. ಕೇಳಿದ್ರೆ ನೀನು ಬಂದೇ ಬರ್ತಿದ್ದೆ. ಅದಕ್ಕೇ ಕೇಳ್ಲಿಲ್ಲ."

"ಹಾಗಾದ್ರೆ ಕೌದಿ ಯಾಕೆ?"

"ನೀನಿಲ್ಲ ಅಂತ ಒಂಥರಾ ಅನ್ನಿಸ್ತು. ಅದಾದ್ರೂ ಇರ್ಲಿ, ನೀನೂ ಇದ್ದ ಹಾಗೆ ಆಗುತ್ತೆ ಅಂತ."

ಇಷ್ಟು ವರ್ಷ ಈ ಗೆಳತಿಯ ಜೊತೆ ಅಕ್ಷತಾ ಬೆಂಗಳೂರಿನವರಂತೆ ಮಾತಾಡಿದ್ದಳು. ಮೊದಮೊದಲು ನಾಲ್ಕು ಜನ ನಗುತ್ತಾರೆಂದು ತನ್ನ ಊರಿನ ಮಾತನ್ನು ಮನೆಯ ಹೊಸ್ತಿಲೊಳಗೇ ಬಿಟ್ಟು ಬರುತ್ತಿದ್ದಳು, ಆಮೇಲೆ ಅದೇ ರೂಢಿಯಾಗಿತ್ತು. ಈಗ ಹೊಟ್ಟೆಯ ತಳದಿಂದ ಬಂದದ್ದು ನರಗುಂದದ ಮಾತೇ.

"ನನ್ನ ಒಲ್ಲೆ ಅಂದಿ. ನನ್ನ ಕೌದಿ ಒಯ್ದಿ. ನನ್ನ ಹೋಳಿಗಿ ತಿಂದಿ. ನಮ್ಮವ್ವ ಹೇಳಿದ ಮಾತು ಆ ಹುಡುಗಿ ಬಾಯಾಗ ತುರುಕಿ ನನ್ನ ಕಿವಿಗೆ ಹೂ ಇಟ್ಟಿ. ನಾ ಬರೋದು ಭಾರ ಆತು ನಿನಗ, ನಾ ಹೊಲದದ್ದು ಭಾರ ಆಗಲಿಲ್ಲಲ್ಲ."

ವರ್ಷಾ ಅವಳನ್ನು ಯಾರೋ ಗುರುತಿಲ್ಲದವರನ್ನು ನೋಡುವಂತೆ ನೋಡಿದಳು. "ಹೀಗೆಲ್ಲಾ ಮಾತಾಡ್ಬೇಡ ಅಕ್ಷತಾ. ಒಂದು ಟ್ರಿಪ್ ಅಷ್ಟೆ ಅಲ್ವಾ? ಇನ್ನೊಂದ್ಸಲ ಇಬ್ಬರೂ ಹೋಗೋಣ. ಮುಂದಿನ ವರ್ಷ ಪಕ್ಕಾ."

ಅಕ್ಷತಾ ಚೀಲ ಎತ್ತಿಕೊಂಡು ಹೊರಗೆ ಬಂದಳು. ಲಿಫ್ಟಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದ ಚೀನೀ ಅಜ್ಜಿ ಟಿಶ್ಯೂ ಪ್ಯಾಕೆಟ್ಟು ಚಾಚಿದಳು. ಅದರಿಂದ ಮೂಗು ಒರೆಸಿಕೊಳ್ಳುತ್ತ ಅಕ್ಷತಾ ಯೋಚಿಸಿದ್ದು ಒಂದೇ: ಈ ಊರಿನಲ್ಲಿ ನನ್ನವರು ಅಂತ ಇನ್ನು ಯಾರಿದ್ದಾರೆ? ಶರಣಬಸಪ್ಪನ ನೆನಪಾಯಿತು. ಮನೆಗೆ ಹೋಗಿ ಅವನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಡಬೇಕು ಅಂದುಕೊಂಡಳು. ಆ ಯೋಚನೆಯಿಂದಲೇ ಎಂಆರ್‌ಟಿಯವರೆಗೂ ಕಾಲು ನಡೆದವು.

ಸಂಜೆ ಶರಣಬಸಪ್ಪ ಕೆಲಸದಿಂದ ಬಂದಾಗ ಅವಳು ಹಾಲಿನ ನೆಲದ ಮೇಲೆ ಕೌದಿ ಹರಡಿಕೊಂಡು, ಒಂದೊಂದೇ ಕೂದಲು ಆರಿಸಿ ಹಳೆಯ ಪೇಪರಿನ ಮೇಲೆ ಹಾಕುತ್ತಿದ್ದಳು.

"ವರ್ಷಾ ಹೋಗಿ ಬಂದಾಳ್ರಿ," ಅಂದಳು. "ನನ್ನ ಬಿಟ್ಟು ಹೋಗಿ ಬಂದಾಳ."

ಅವನು ಶೂ ಬಿಚ್ಚಿ ಕಪಾಟಿನಲ್ಲಿಟ್ಟ. ಸಾಕ್ಸು ಬಿಚ್ಚಿದ. "ಹೋಗ್ಲಿ ಬಿಡ. ಮನಸಿಗೆ ಹಚ್ಕೋಬ್ಯಾಡ," ಅಂದ.

ಅಕ್ಷತಾಳ ಕೈ ನಿಂತಿತು. ತಲೆ ಎತ್ತಿ ನೋಡಿದಳು. "ಎಲ್ಲಿಗೆ ಅಂತ ಕೇಳಲಿಲ್ಲಲ್ಲ ನೀವು?"

ಅವನು ಬಿಚ್ಚಿದ ಸಾಕ್ಸನ್ನು ಕೈಯಲ್ಲೇ ಮುದ್ದೆ ಮಾಡಿದ.

"ನಿಮಗ ಗೊತ್ತಿತ್ತೇನು?"

"ವಿನುತಾನ ಗಂಡ ಹೇಳಿದ್ದ."

"ಯಾವಾಗ?"

"ಅವರು ಹೋಗೂಕಿಂತ ಮೊದಲಽ."

ಅಂದರೆ ಅವಳು ಗುಂಡಿ ಬಿಗಿಯುತ್ತಿದ್ದಾಗ, ಪುಟ್ಟ ಕೈಗವಸಿಗೆ ಫ್ಲಾನೆಲ್ ಹಾಕುತ್ತಿದ್ದಾಗ, ಹೋಳಿಗೆ ಬೇಯಿಸುತ್ತಿದ್ದಾಗ ಇವನಿಗೆ ಗೊತ್ತಿತ್ತು. ಎದುರಿಗೇ ಕೂತು ಚಹಾ ಕುಡಿದಿದ್ದ. ಹೊರಗಿನವರ ಮೋಸ ಒಂದು ತೂಕ, ಇದರ ತೂಕವೇ ಬೇರೆ. ಅಕ್ಷತಾಳಿಗೆ ಅಳು ಕೂಡ ಬರಲಿಲ್ಲ.

"ಒಂದ ಮಾತು ಹೇಳಬಾರದಾಗಿತ್ತೇನ್ರಿ?"

"ಹೇಳಬೇಕಂತ ಬಾಯಿತನಕ ಬಂದಿತ್ತು."

"ಮತ್ತ?"

ಶರಣಬಸಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಅವನ ಉಗುರಿನ ಸಂದಿಯಲ್ಲಿ ಎಂದಿನಂತೆ ಕರಿ ಎಣ್ಣೆ ಇತ್ತು. ಅದನ್ನೇ ನೋಡಿಕೊಳ್ಳುತ್ತ ಹೇಳಿದ. "ನಿನಗೂ ಗೊತ್ತಾಗ್ಲಿ ಅಂತ ಸುಮ್ಮನಾದೆ."

"ಏನು ಗೊತ್ತಾಗ್ಲಿ?"

"ಒಲ್ಲೆ ಅನಿಸ್ಕೊಂಡ್ರ ಹೆಂಗ ಇರತೈತಿ ಅಂತ. ಅವತ್ತ ನಾ ಕೇಳಿದಾಗ ನೀ ಏನಂದಿ, ನೆನಪೈತೇನು?"

ನೆನಪಿತ್ತು: ನಿಮ್ಮನ್ನ ನೋಡ್ಕೊಳ್ಳೂದಽ ಆಗತೈತಿ. ಮಧ್ಯಾಹ್ನ ವರ್ಷಾ ಫ್ಯಾನಿನ ಕೆಳಗೆ ನಿಂತು ಆಡಿದ ಮಾತೂ ಅದೇ ಆಗಿತ್ತು. ಅದು ತನ್ನ ಬಾಯಿಂದಲೂ ಬಂದಿತ್ತೆಂದು ಅವಳಿಗೆ ಇಷ್ಟು ಹೊತ್ತು ಹೊಳೆದೇ ಇರಲಿಲ್ಲ. ಆದರೆ ತಾನು ಮುಖ ನೋಡಿ ಅಂದಿದ್ದಳು. ನಗುತ್ತ ಅಂದಿದ್ದಳು, ತಪ್ಪೇ. ಆದರೂ ಎದುರಿಗೇ ಅಂದಿದ್ದಳು. ಇವನು ಎರಡು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸಮಯ ಬಂದಾಗ ಬಾಯಿ ಮುಚ್ಚಿಕೊಂಡು ಅವಳು ಬೀಳುವುದನ್ನು ನೋಡಿದ.

"ಸಮಾಧಾನ ಆತೇನ್ರಿ ಈಗ?" ಕೇಳಿದಳು.

"ಇಲ್ಲ," ಅಂದ ಅವನು.

ಅಕ್ಷತಾ ಎದ್ದು ಹೋಗಿ ಹೊಲಿಗೆ ಡಬ್ಬಿಯಿಂದ ದೊಡ್ಡ ಕತ್ತರಿ ತಂದಳು. ಕೌದಿಯ ನಟ್ಟನಡುವೆ, ಇಳಕಲ್ ಮುಗಿದು ಕ್ರೇಪ್ ಶುರುವಾಗುವ ಕಡೆ, ಬೆರಳಿನಿಂದ ಒಂದು ಗೆರೆ ಎಳೆದು ನೋಡಿದಳು. ಮೇಲಿನ ಸೀರೆಗಳು ಎರಡು. ಒಳಗಿನ ಧೋತ್ರ ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ.

"ಆ ತುದಿ ಹಿಡೀರಿ," ಅಂದಳು.

ಅವನು ಮುಂದಕ್ಕೆ ಸರಿದು ಹಿಡಿದ. ಕತ್ತರಿ ನೋಡಿ, "ಒಳಗ ನನ್ನ ಧೋತ್ರ ಐತಿ," ಅಂದ.

"ಗೊತ್ತೈತಿ."

ಪದರಗಳು ದಪ್ಪವಿದ್ದವು, ಕತ್ತರಿ ಸುಲಭಕ್ಕೆ ಓಡಲಿಲ್ಲ. ಎರಡು ಕೈ ಸೇರಿಸಿ ಒತ್ತಬೇಕಾಯಿತು. ವರ್ಷಾಳ ಸೊಟ್ಟ ಹೊಲಿಗೆಗಳು ಒಂದೊಂದಾಗಿ ಬಿಟ್ಟುಕೊಂಡವು, ಹಸಿರು ಬಟ್ಟೆ ಒಂದು ಕಡೆ ಜಾರಿತು, ನಡುವಿನಿಂದ ಬಿಳಿ ಧೋತ್ರ ಕಂಡಿತು. ಅಕ್ಷತಾ ಅದನ್ನೂ ಕತ್ತರಿಸಿದಳು. ಶರಣಬಸಪ್ಪ ಕತ್ತರಿಗೆ ಅನುಕೂಲವಾಗಲಿ ಎಂದು ತುದಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದ.